ಫಲಕ ಹೇಳದೇ ಹೋದ ಪಾಠ: ಮೃಗಾಲಯವು ಪಾಠಶಾಲೆಯಾದ ಕಥೆ



ಕಳೆದ ತಿಂಗಳು ನನ್ನ ಮೊಮ್ಮಗಳು ಶಾಲಾ ಪ್ರವಾಸ ಮುಗಿಸಿಕೊಂಡು ಬಂದಳು. ಮೃಗಾಲಯಕ್ಕೂ ಹೋಗಿದ್ದರಂತೆ. "ಏನೇನು ನೋಡಿದೆ?" ಎಂದು ಕೇಳಿದೆ. ಹುಲಿ, ಸಿಂಹ, ಜಿರಾಫೆ, ಮೊಸಳೆ ಎಂದು ಬೆರಳು ಮಡಿಚುತ್ತ ಎಣಿಸಿದಳು. "ಸರಿ, ಏನು ಕಲಿತೆ?" ಎಂಬ ನನ್ನ ಎರಡನೆಯ ಪ್ರಶ್ನೆಗೆ, "ಅಜ್ಜಾ, ಅದು ಟೂರು, ಕ್ಲಾಸ್ ಅಲ್ಲ" ಎಂದುಬಿಟ್ಟಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬೇಗ ಹತ್ತಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಬೋನಿನ ಮುಂದೆ ನಾನು ಮಾಡಿದ ತಪ್ಪೊಂದು ನೆನಪಿಗೆ ಬಂದು ಕಾಡಿತು. ಅದನ್ನು ಇದುವರೆಗೆ ಯಾರಿಗೂ ಬರೆದು ತಿಳಿಸಿರಲಿಲ್ಲ. ಇಂದು ಬರೆಯುತ್ತಿದ್ದೇನೆ. ಜೊತೆಗೆ, ಮೃಗಾಲಯವೆಂಬುದು ನೋಡುವ ಜಾಗದಿಂದ ಕಲಿಯುವ ಜಾಗವಾಗಿ ಬೆಳೆದು ಬಂದ ಇತಿಹಾಸವನ್ನೂ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇತಿಹಾಸದ ಮೇಷ್ಟ್ರಿಗೆ ತನ್ನ ತಪ್ಪನ್ನೂ ಇಸವಿಗಳ ನಡುವೆ ಇಟ್ಟು ಹೇಳಿದರೇ ಸಮಾಧಾನ!

ಆ ದಿನ ನಡೆದದ್ದು

ಅದು 1996ರ ಡಿಸೆಂಬರ್. ನಾನಾಗ ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಅಧ್ಯಾಪಕ. ಒಂಬತ್ತನೆಯ ಮತ್ತು ಹತ್ತನೆಯ ತರಗತಿಯ ಮಕ್ಕಳನ್ನು ಕೆಂಪು ಬಸ್ಸೊಂದರಲ್ಲಿ ತುಂಬಿಕೊಂಡು ಪ್ರವಾಸ ಹೊರಟಿದ್ದೆವು. ಬುತ್ತಿಗೆ ಚಿತ್ರಾನ್ನ, ದಾರಿಗೆ ಅಂತ್ಯಾಕ್ಷರಿ. ಎರಡನೆಯ ದಿನ ಬೆಳಿಗ್ಗೆ ಒಂದು ಮೃಗಾಲಯಕ್ಕೆ ಹೋದೆವು. ಅದು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ.

ಚಿರತೆಯ ಬೋನಿನ ಮುಂದೆ ಗದ್ದಲ ಹೆಚ್ಚಿತ್ತು. ಚಿರತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ, ಗಾಣದೆತ್ತಿನ ಹಾಗೆ ತಿರುಗುತ್ತಿತ್ತು. ಅಷ್ಟರಲ್ಲಿ ನಮ್ಮ ಹುಡುಗನೊಬ್ಬ ನೆಲದಿಂದ ಕಲ್ಲೊಂದನ್ನು ಎತ್ತಿ ಬೀಸಿ ಎಸೆದ. ಕಲ್ಲು ಸರಳಿಗೆ ಬಡಿದು ಠಣ್ಣೆಂದಿತು. ಕಾವಲುಗಾರ ಓಡಿ ಬಂದ. ಸುತ್ತ ನಿಂತಿದ್ದ ಜನ ನನ್ನ ಮುಖ ನೋಡಿದರು. ನನಗೆ ಅವಮಾನವಾಯಿತು. ಹಿಂದುಮುಂದು ಯೋಚಿಸದೆ ಆ ಹುಡುಗನ ಕೆನ್ನೆಗೆ ಎಲ್ಲರೆದುರೇ ಬಾರಿಸಿದೆ.

ಅವನು ಅಳಲಿಲ್ಲ. ತಲೆ ತಗ್ಗಿಸಿ ಮೆಲ್ಲಗೆ, "ಸಾರ್, ನಮ್ಮ ಕರು ತಿಂದಿದ್ದು ಇದೇ ಜಾತೀದು" ಎಂದ.

ಅವನ ಮನೆ ಕಾಡಂಚಿನ ಊರಿನಲ್ಲಿತ್ತು. ಹಿಂದಿನ ತಿಂಗಳಷ್ಟೇ ಕೊಟ್ಟಿಗೆಯಿಂದ ಕರುವನ್ನು ಚಿರತೆ ಎಳೆದೊಯ್ದಿತ್ತು. ಆ ಸಂಗತಿ ನನಗೂ ಗೊತ್ತಿತ್ತು. ಏಕೆಂದರೆ ಅದೇ ಕಾರಣಕ್ಕೆ ಅವನು ಒಂದು ವಾರ ಶಾಲೆಗೆ ಬಂದಿರಲಿಲ್ಲ. ಅವನಿಗೆ ಏನು ಹೇಳಬೇಕೆಂದು ತೋಚದೆ ನಾನು ಬೋನಿನ ಪಕ್ಕದ ಫಲಕದ ಕಡೆ ನೋಡಿದೆ. ಪ್ರಾಣಿಯ ಹೆಸರು, ಲ್ಯಾಟಿನ್ ಹೆಸರು, ಆಹಾರ, ಗರ್ಭಾವಧಿ, ಆಯುಷ್ಯ, ವಾಸಿಸುವ ದೇಶಗಳು. ಅಷ್ಟೇ. ಆ ಹುಡುಗನ ಮನೆಗೂ ಆ ಪ್ರಾಣಿಗೂ ಇರುವ ಸಂಬಂಧದ ಬಗ್ಗೆ ಆ ಫಲಕದಲ್ಲಿ ಒಂದಕ್ಷರವೂ ಇರಲಿಲ್ಲ. ಫಲಕವನ್ನು ದೂರುವುದೇಕೆ, ಅವನ ಮೇಷ್ಟ್ರಾದ ನನ್ನ ತಲೆಯಲ್ಲಿಯೂ ಇರಲಿಲ್ಲ.

ಬಿ.ಎಡ್. ಓದುವಾಗ "ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ" ಎಂಬ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆದಿದ್ದೆ. ಚಿರತೆಯ ಬಗ್ಗೆ ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ಅವನೇ. ಆ ತಿಳಿವಳಿಕೆಯಿಂದ ಪಾಠ ಆರಂಭಿಸಬೇಕಾಗಿದ್ದ ನಾನು ಅದಕ್ಕೆ ಕಪಾಳಮೋಕ್ಷ ಮಾಡಿದ್ದೆ.

ವಿನೋದಕ್ಕಾಗಿ ಪ್ರಾಣಿ

ಪ್ರಾಣಿಗಳನ್ನು ಕೂಡಿಹಾಕಿ ನೋಡುವ ಹವ್ಯಾಸ ಹೊಸದೇನೂ ಅಲ್ಲ. ನಮ್ಮ ಸೀಮೆಯನ್ನೂ ಒಳಗೊಂಡಿದ್ದ ಬನವಾಸಿ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ವಿದ್ವಾಂಸ ದೊರೆಯಿದ್ದ. ಹನ್ನೆರಡನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ದೊಡ್ಡ ಭಾಗವೇ ಇದೆ. ಆನೆ, ಕುದುರೆಗಳ ವಿನೋದ, ಕೋಳಿ, ಟಗರು, ಕೋಣಗಳ ಕಾಳಗ ಎಲ್ಲವೂ ಅಲ್ಲಿ ಬರುತ್ತವೆ. ಆ ಪ್ರಾಣಿಗಳ ಲಕ್ಷಣಗಳನ್ನು ದೊರೆ ಬಹಳ ಸೂಕ್ಷ್ಮವಾಗಿ ಗಮನಿಸಿದ್ದಾನೆ. ಆದರೆ ಆ ಗಮನದ ಗುರಿ ವಿನೋದ.

ವಿನೋದದ ಜೊತೆಗೆ ಪ್ರತಾಪವೂ ಸೇರಿಕೊಂಡಿತು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಅರಮನೆಯ ಬಳಿ ಹುಲಿಗಳನ್ನು ಇರಿಸಿಕೊಂಡಿದ್ದ. ಹುಲಿ ಅವನ ರಾಜಲಾಂಛನವಾಗಿತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ಹುಲಿಗಳನ್ನು ನೋಡಿಕೊಳ್ಳುವವರಿಲ್ಲದೆ ಇಂಗ್ಲಿಷರು ಗುಂಡಿಟ್ಟು ಕೊಂದರು. ದೊರೆಯ ವೈಭವದ ಗುರುತಾಗಿ ಸಾಕಿದ ಪ್ರಾಣಿಗೆ ದೊರೆ ಇಲ್ಲವಾದ ಮೇಲೆ ಬೆಲೆಯೇ ಇರಲಿಲ್ಲ.

ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಬೇರೊಂದು ಸಂಗತಿ ನಡೆಯಿತು. ಅಲ್ಲಿಯೂ ದೊರೆಯ ಪತನವಾಗಿತ್ತು. ಆದರೆ ವರ್ಸೇಲ್ಸಿನ ಅರಮನೆಯಲ್ಲಿ ಉಳಿದಿದ್ದ ಪ್ರಾಣಿಗಳನ್ನು ಕ್ರಾಂತಿಯ ಸರ್ಕಾರದ ಕಾಲದಲ್ಲಿ ಪ್ಯಾರಿಸಿನ ಸಸ್ಯೋದ್ಯಾನಕ್ಕೆ ತಂದರು. 1793ರಲ್ಲಿ ಅಲ್ಲಿ ಆರಂಭವಾದ ಪ್ರಾಣಿಸಂಗ್ರಹವು ವಿದ್ವಾಂಸರ ಅಧ್ಯಯನಕ್ಕೂ ಜನಸಾಮಾನ್ಯರ ವೀಕ್ಷಣೆಗೂ ಒದಗಿತು. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಉದ್ಯಾನ 1828ರಲ್ಲಿ ತೆರೆಯಿತಾದರೂ ಮೊದಲು ಅದು ಸಂಘದ ಸದಸ್ಯರಿಗಾಗಿ ಇತ್ತು. ಸಾಮಾನ್ಯ ಜನರಿಗೆ ಬಾಗಿಲು ತೆರೆದದ್ದು 1847ರಲ್ಲಿ. ಮೃಗಾಲಯವು ಜನರ ಸೊತ್ತು ಎಂಬ ಭಾವನೆ ಹೀಗೆ ನಿಧಾನವಾಗಿ ಮೂಡಿತು.

ನಮ್ಮ ದೇಶದಲ್ಲಿ ಕಲ್ಕತ್ತೆಯ ಆಲಿಪುರ ಮೃಗಾಲಯ 1876ರಲ್ಲಿ ಆರಂಭವಾಯಿತು. ಅದರ ಮೇಲ್ವಿಚಾರಕರಾಗಿದ್ದ ರಾಮಬ್ರಹ್ಮ ಸನ್ಯಾಲ್ ಎಂಬ ಬಂಗಾಳಿ ಮಹನೀಯರು ಸೆರೆಯಲ್ಲಿರುವ ಪ್ರಾಣಿಗಳ ಪಾಲನೆಯ ಬಗ್ಗೆ ಒಂದು ಕೈಪಿಡಿಯನ್ನು ಬರೆದು 1892ರಲ್ಲಿ ಪ್ರಕಟಿಸಿದರು. ಅದೇ 1892ರಲ್ಲಿ ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಬೇಸಿಗೆಯ ಅರಮನೆಯ ಹತ್ತು ಎಕರೆ ಜಾಗದಲ್ಲಿ ಪ್ರಾಣಿಸಂಗ್ರಹಾಲಯವನ್ನು ಸ್ಥಾಪಿಸಿದರು. ಮೊದಲು ಅದನ್ನು 'ಅರಮನೆ ಮೃಗಾಲಯ' ಎಂದೇ ಕರೆಯುತ್ತಿದ್ದರು. 1909ರಲ್ಲಿ ಅದಕ್ಕೆ ಚಾಮರಾಜೇಂದ್ರ ಮೃಗಾಲಯವೆಂಬ ಹೆಸರಾಯಿತು. 1948ರಲ್ಲಿ ಅದು ಅರಮನೆಯಿಂದ ಸರ್ಕಾರದ ಉದ್ಯಾನಗಳ ಇಲಾಖೆಗೆ ಸೇರಿತು. 1972ರಲ್ಲಿ ಅರಣ್ಯ ಇಲಾಖೆಗೆ ಬಂತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರದ ವಶವಾಯಿತು. ಈ ನಾಲ್ಕು ಇಸವಿಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಅರಮನೆಯಲ್ಲಿ ಅದು ವೈಭವ, ಉದ್ಯಾನಗಳ ಇಲಾಖೆಯಲ್ಲಿ ವಿಹಾರ, ಅರಣ್ಯ ಇಲಾಖೆಯಲ್ಲಿ ಸಂರಕ್ಷಣೆ. ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದು ಏನನ್ನು ಕಲಿಸುತ್ತದೆ ಎಂಬುದೂ ಬದಲಾಗುತ್ತ ಬಂದಿದೆ.

ಸರಳು ಹೋಗಿ ಕಂದಕ ಬಂತು

ಮೃಗಾಲಯದಲ್ಲಿ ನಿಜವಾದ ಪಠ್ಯಪುಸ್ತಕ ಫಲಕವಲ್ಲ, ಆವರಣವೇ. ಪ್ರಾಣಿಯನ್ನು ಎಲ್ಲಿ, ಹೇಗೆ ಇರಿಸಿದ್ದೇವೆ ಎಂಬುದೇ ನೋಡುಗನಿಗೆ ಮೊದಲ ಪಾಠ. ಸರಳಿನ ಹಿಂದೆ ಇಟ್ಟ ಪ್ರಾಣಿ 'ನಾನು ಕೈದಿ' ಎನ್ನುತ್ತದೆ. ನೋಡುವವನೂ ಕೈದಿಯನ್ನು ನೋಡುವಂತೆಯೇ ನೋಡುತ್ತಾನೆ.

ಇದನ್ನು ಬದಲಿಸಿದವನು ಜರ್ಮನಿಯ ಕಾರ್ಲ್ ಹೇಗನ್‌ಬೆಕ್. ಅವನು ಕಾಡುಪ್ರಾಣಿಗಳ ವ್ಯಾಪಾರಿ. ಪ್ರಾಣಿ ಎಷ್ಟು ದೂರ ಹಾರಬಲ್ಲದು ಎಂಬುದನ್ನು ಅಳೆದು, ಅದಕ್ಕಿಂತ ಅಗಲದ ಕಂದಕ ತೋಡಿದರೆ ಸರಳೇ ಬೇಡವೆಂದು ಅವನು ಕಂಡುಕೊಂಡ. 1907ರಲ್ಲಿ ಹ್ಯಾಂಬರ್ಗಿನ ಬಳಿ ಅವನು ತೆರೆದ ಉದ್ಯಾನದಲ್ಲಿ ಸಿಂಹಗಳು ಬಂಡೆಗಳ ನಡುವೆ ಬಯಲಿನಲ್ಲಿ ನಿಂತಿದ್ದವು. ನಡುವಿನ ಕಂದಕ ನೋಡುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಮೈಸೂರಿನಲ್ಲಿಯೂ ಕಂದಕದಾಚೆಯ ಬಯಲಿನಲ್ಲಿ ಹುಲಿ, ಸಿಂಹಗಳನ್ನು ನೀವೆಲ್ಲ ನೋಡಿದ್ದೀರಿ.

ಆದರೆ ಇತಿಹಾಸದ ಪುಟಗಳಲ್ಲಿ ಕಪ್ಪು ಚುಕ್ಕೆಗಳೂ ಇರುತ್ತವೆ. ಇದೇ ಹೇಗನ್‌ಬೆಕ್ ದೂರದೇಶಗಳ ಮನುಷ್ಯರನ್ನೂ ತಂದು ಪ್ರದರ್ಶಿಸುತ್ತಿದ್ದ. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಂಗೋ ದೇಶದ ಓಟಾ ಬೆಂಗಾ ಎಂಬ ಯುವಕನನ್ನು ಕಪಿಗಳ ಮನೆಯಲ್ಲಿ ನಿಲ್ಲಿಸಿದ್ದರು. ಸಾವಿರಾರು ಜನ ನೋಡಿ ನಕ್ಕರು. ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅದು ನಿಂತಿತು. ಪ್ರದರ್ಶನವೊಂದು ಜ್ಞಾನವನ್ನೇ ಕಲಿಸಬೇಕೆಂದಿಲ್ಲ, ಅಹಂಕಾರವನ್ನೂ ಕಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಬ್ರಾಂಕ್ಸ್ ಮೃಗಾಲಯದಲ್ಲಿ 1963ರಲ್ಲಿ ದೊಡ್ಡ ವಾನರಗಳ ಮನೆಯಲ್ಲಿ ಒಂದು ಹೊಸ 'ಬೋನು' ಇಟ್ಟರು. ಜಗತ್ತಿನ ಅತ್ಯಂತ ಅಪಾಯಕಾರಿ ಪ್ರಾಣಿ ಇದರಲ್ಲಿದೆ ಎಂಬ ಬರಹ. ಇಣುಕಿ ನೋಡಿದರೆ ಸರಳಿನ ಹಿಂದೆ ಕನ್ನಡಿ! ನೋಡಲು ಬಂದವನ ಮುಖವೇ ಅಲ್ಲಿ ಕಾಣುತ್ತಿತ್ತು. ನೂರು ಸಾಲಿನ ಫಲಕ ಹೇಳಲಾರದ್ದನ್ನು ಒಂದು ಕನ್ನಡಿ ಹೇಳಿತು.

ನನ್ನ ವಿದ್ಯಾರ್ಥಿಗಳು ಅಂದು ನೋಡಿದ ಚಿರತೆ ಏಕೆ ಹಾಗೆ ತಿರುಗುತ್ತಿತ್ತು? ಇದಕ್ಕೆ ಉತ್ತರವನ್ನು ಬಹಳ ಹಿಂದೆಯೇ ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಎಂಬ ವಿಜ್ಞಾನಿ ಹುಡುಕಿದ್ದರು. ಬರ್ನ್, ಬಾಸೆಲ್, ಜ್ಯೂರಿಕ್ ನಗರಗಳ ಮೃಗಾಲಯಗಳನ್ನು ನಡೆಸಿದ ಅವರು 1942ರಲ್ಲಿಯೇ ಸೆರೆಯಲ್ಲಿರುವ ಕಾಡುಪ್ರಾಣಿಗಳ ಬಗ್ಗೆ ಗ್ರಂಥ ರಚಿಸಿದರು. ಪ್ರಾಣಿಗೆ ಬೇಕಾದದ್ದು ಬರಿಯ ಅಗಲವಾದ ಜಾಗವಲ್ಲ, ಮರೆಯಾಗಲು ಎಡೆ, ಮಾಡಲು ಕೆಲಸ, ತನ್ನದೆನ್ನುವ ಮೂಲೆ ಎಂಬುದು ಅವರ ಚಿಂತನೆಯ ಸಾರ. ಕೆಲಸವಿಲ್ಲದ, ಮರೆಯಿಲ್ಲದ ಪ್ರಾಣಿ ಒಂದೇ ದಾರಿಯಲ್ಲಿ ಅಲೆಯುತ್ತದೆ. ಆ ಅಲೆದಾಟವನ್ನು ಕಂಡ ಮಕ್ಕಳು "ಚಿರತೆಗೆ ಹಸಿವಾಗಿದೆ, ಸಾರ್" ಎಂದಿದ್ದರು. ನಾನೂ "ಹೌದು" ಎಂದಿದ್ದೆ. ಎಂಥ ತಪ್ಪು ಪಾಠ!

1970ರ ದಶಕದ ಕೊನೆಯಲ್ಲಿ ಅಮೆರಿಕದ ಸಿಯಾಟಲ್ ನಗರದ ಮೃಗಾಲಯದಲ್ಲಿ ಗೊರಿಲ್ಲಾಗಳಿಗೆ ಗಿಡಗಂಟಿಗಳು ದಟ್ಟವಾಗಿ ಬೆಳೆದ ಆವರಣ ಸಿದ್ಧವಾಯಿತು. ಅದರ ವಿಶೇಷವೆಂದರೆ ನೋಡುಗರ ದಾರಿಯೂ ಅದೇ ಹಸಿರಿನೊಳಗೆ ಹಾದುಹೋಗುತ್ತಿತ್ತು. ಗೊರಿಲ್ಲಾ ನಮ್ಮ ಊರಿಗೆ ಬಂದಿಲ್ಲ, ನಾವೇ ಅದರ ಕಾಡಿಗೆ ಬಂದಿದ್ದೇವೆ ಎಂಬ ಭಾವ ಹುಟ್ಟಬೇಕೆಂಬುದು ಉದ್ದೇಶ. ಮನೆಗೆ ಬಂದ ಅತಿಥಿ ಹೇಗೆ ದನಿ ತಗ್ಗಿಸಿ ಮಾತನಾಡುತ್ತಾನೋ ಹಾಗೆ ಜನರ ದನಿ ತಾನಾಗಿಯೇ ತಗ್ಗಬೇಕು.

ಈ ಭಾವದ ರುಚಿ ನಮ್ಮ ಜಿಲ್ಲೆಯಲ್ಲಿಯೂ ಇದೆ. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿರುವ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ 1988ರಲ್ಲಿ ಆರಂಭವಾಯಿತು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಾಗ, ಜಾಲರಿ ಹಾಕಿದ ವಾಹನದೊಳಗೆ ಕುಳಿತ ಒಬ್ಬ ಹುಡುಗಿ "ಸಾರ್, ಇಲ್ಲಿ ನಾವೇ ಬೋನಿನಲ್ಲಿ!" ಎಂದು ಚಪ್ಪಾಳೆ ತಟ್ಟಿದ್ದಳು. ಆ ಮಾತು ಹೇಳಿದವಳು ಇಂದು ತಾನೂ ಅಧ್ಯಾಪಕಿ. ಓದುತ್ತಿದ್ದರೆ ನೆನಪಾಗಬಹುದು.

ಒಂಟಿ ಗೊರಿಲ್ಲಾ ಮತ್ತು ಕಾಗದದ ಮುಖವಾಡ

1999ರಲ್ಲಿ ಮತ್ತೊಂದು ತಂಡದೊಡನೆ ಮೈಸೂರಿಗೆ ಹೋಗಿದ್ದೆ. ಆಗ ಅಲ್ಲಿ ಪೋಲೋ ಎಂಬ ಗೊರಿಲ್ಲಾ ಇತ್ತು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಗಂಡು ಗೊರಿಲ್ಲಾ. ಜನರು ಅದರ ಮುಂದೆ ನಿಂತು ಎದೆ ಗುದ್ದಿಕೊಂಡು ಕುಣಿಯುತ್ತಿದ್ದರು. ಗೊರಿಲ್ಲಾಗಳ ಲೋಕದಲ್ಲಿ ಕಣ್ಣಿಗೆ ಕಣ್ಣಿಟ್ಟು ನೋಡುವುದೂ ಎದೆ ಬಡಿದುಕೊಳ್ಳುವುದೂ ಸವಾಲೊಡ್ಡಿದಂತೆ ಎಂದು ಓದಿ ತಿಳಿದಿದ್ದೆ. ಈ ಬಾರಿ ಬರುವ ಮೊದಲೇ ಮಕ್ಕಳಿಗೆ ಅದನ್ನು ಹೇಳಿದ್ದೆ. ನಮ್ಮ ಮಕ್ಕಳು ದೃಷ್ಟಿ ತಗ್ಗಿಸಿ ಸುಮ್ಮನೆ ನಿಂತರು. ಎಂಟನೆಯ ತರಗತಿಯ ಒಬ್ಬ ಹುಡುಗ ಪಿಸುಮಾತಿನಲ್ಲಿ, "ಸಾರ್, ಇವನಿಗೆ ಅಣ್ಣತಮ್ಮಂದಿರು ಯಾರೂ ಇಲ್ವಾ?" ಎಂದು ಕೇಳಿದ. ಗೊರಿಲ್ಲಾ ಕುಟುಂಬವಾಗಿ ಬಾಳುವ ಪ್ರಾಣಿ. ಅದನ್ನು ಅವನಿಗೆ ವಿವರಿಸಿದೆ. ಪೋಲೋ 2014ರಲ್ಲಿ ತೀರಿಕೊಳ್ಳುವವರೆಗೂ ಸಂಗಾತಿಯಿಲ್ಲದೆಯೇ ಬದುಕಿತು. 2021ರಲ್ಲಿ ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಎಂಬ ಎರಡು ಗೊರಿಲ್ಲಾಗಳು ಮೈಸೂರಿಗೆ ಬಂದ ಸುದ್ದಿ ಓದಿದಾಗ, ಈ ಬಾರಿ ಇಬ್ಬರಿದ್ದಾರಲ್ಲ ಎಂದು ಆ ಹುಡುಗನ ಪ್ರಶ್ನೆಯೇ ನೆನಪಾಯಿತು.

ಮೈಸೂರು ಮೃಗಾಲಯದ ಶಿಕ್ಷಣದ ಇತಿಹಾಸದಲ್ಲಿ ಮರೆಯಬಾರದ ಹೆಸರು ಸ್ಯಾಲಿ ವಾಕರ್ ಅವರದು. ಅವರು ಅಮೆರಿಕದವರು. ಯೋಗವನ್ನೂ ಸಂಸ್ಕೃತವನ್ನೂ ಕಲಿಯಲು ಮೈಸೂರಿಗೆ ಬಂದಿದ್ದರು. ಹುಲಿಮರಿಗಳ ಆಕರ್ಷಣೆಯಿಂದ ಮೃಗಾಲಯದ ಒಡನಾಟ ಬೆಳೆಸಿಕೊಂಡರು. 1981ರಲ್ಲಿ 'ಫ್ರೆಂಡ್ಸ್ ಆಫ್ ಮೈಸೂರ್ ಝೂ' ಎಂಬ ಬಳಗ ಕಟ್ಟಿದರು. 1985ರಲ್ಲಿ 'ಝೂ ಔಟ್‌ರೀಚ್ ಆರ್ಗನೈಸೇಷನ್' ಆರಂಭಿಸಿದರು. ಆ ಸಂಸ್ಥೆ ಮುಂದೆ ಕೊಯಮತ್ತೂರಿಗೆ ಹೋಯಿತು. ಅವರು 2019ರಲ್ಲಿ ನಿಧನರಾದರು.

ಅವರ ಸಂಸ್ಥೆಯ ಸಾಧನಗಳು ಬಹಳ ಸರಳ. ಪ್ರಾಣಿಗಳ ಕಾಗದದ ಮುಖವಾಡ, ಕೈಯಲ್ಲಿ ಹಿಡಿಯುವ ಘೋಷಣಾಫಲಕ, ಮಣಿಕಟ್ಟಿಗೆ ಕಟ್ಟುವ ರಾಖಿ, ಕಿರುನಾಟಕ. ಅಧ್ಯಾಪಕರ ತರಬೇತಿಯೊಂದರಲ್ಲಿ ಮಿತ್ರರೊಬ್ಬರು ಇಂಥ ಮುಖವಾಡವೊಂದನ್ನು ತೋರಿಸಿದಾಗ ನನಗೆ ಮೊದಲು ನಗು ಬಂದಿತ್ತು. ಆಮೇಲೆ ಅರ್ಥವಾಯಿತು. ಮುಖವಾಡ ಹಾಕಿಕೊಂಡ ಮಗು ಚಿರತೆಯನ್ನು ನೋಡುವುದಿಲ್ಲ, ಚಿರತೆಯಾಗಿ ನಮ್ಮನ್ನು ನೋಡುತ್ತದೆ. ಬಯಲಾಟದಲ್ಲಿ ಬಣ್ಣ ಹಚ್ಚಿದವನ ನಡಿಗೆಯೇ ಬದಲಾಗುವುದಿಲ್ಲವೇ, ಹಾಗೆ. ಕೋಟಿಗಟ್ಟಲೆ ಹಣ ಸುರಿದು ಕಾಡಿನಂಥ ಆವರಣ ಕಟ್ಟಲಾಗದ ದೇಶದಲ್ಲಿ ಒಂದು ಹಾಳೆ ಕಾಗದದಿಂದ ಅದೇ ಕೆಲಸವನ್ನು ಮಾಡಿದ್ದು ಸಣ್ಣ ಸಾಧನೆಯಲ್ಲ.

ಸರ್ಕಾರದ ನೀತಿಯೂ ಇದೇ ದಿಕ್ಕಿಗೆ ತಿರುಗಿತು. 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. 1998ರಲ್ಲಿ ರಾಷ್ಟ್ರೀಯ ಮೃಗಾಲಯ ನೀತಿ ಬಂತು. ಸಂರಕ್ಷಣೆಯ ಕೆಲಸಕ್ಕೆ ನೆರವಾಗುವುದು, ನೋಡುಗರಲ್ಲಿ ವನ್ಯಜೀವಿಗಳ ಬಗ್ಗೆ ಸಹಾನುಭೂತಿ ಮೂಡಿಸುವುದು ಮೃಗಾಲಯಗಳ ಉದ್ದೇಶವೆಂದು ಅದು ಸಾರಿತು. ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿಂಡಿ ಎಸೆಯುವುದು ಇಂದು ಕಾನೂನಿನ ಪ್ರಕಾರ ಅಪರಾಧ. ಆದರೆ ಕಾನೂನು ಕಲ್ಲನ್ನು ತಡೆಯಬಹುದು. ಕಲ್ಲೆತ್ತಿದ ಕೈಯ ಹಿಂದಿನ ದುಃಖವನ್ನು ಅದು ಕೇಳಲಾರದು.

ಬಂದಳಿಕೆಯ ಕಲ್ಲುಗಳು ಕಲಿಸಿದ್ದು

ಆ 1996ರ ಪ್ರವಾಸದಿಂದ ಮರಳಿದ ಮೇಲೆ ನಾನು ಬಹಳ ದಿನ ಅದೇ ಗುಂಗಿನಲ್ಲಿದ್ದೆ. ಜನವರಿಯಲ್ಲಿ ಮಕ್ಕಳನ್ನು ಬಂದಳಿಕೆಗೆ ಕರೆದೊಯ್ದೆ. ಬಂದಳಿಕೆ ನಮ್ಮವರಿಗೆ ಹೊಸದಲ್ಲ. ಶಾಸನಗಳ ಬಂದಣಿಕೆ ಅದು, ನಾಗರಖಂಡ ಎಪ್ಪತ್ತರ ಮುಖ್ಯ ಸ್ಥಳ. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೆಯ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಡಿನ ಗಾವುಂಡಿಕೆಯನ್ನು ವಹಿಸಿಕೊಂಡು ನಡೆಸಿದ ಜಕ್ಕಿಯಬ್ಬೆ ಕೊನೆಗೆ ವ್ರತ ಹಿಡಿದು ದೇಹ ಬಿಟ್ಟದ್ದು ಈ ತೀರ್ಥದಲ್ಲಿ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಬಾಗಿಲಿನ ಇಕ್ಕೆಲದ ಜಾಲಂಧ್ರಗಳಲ್ಲಿ ರಾಮಾಯಣ ಮಹಾಭಾರತಗಳ ಕಥೆಯನ್ನೇ ಕಡೆದ ಸೋಮೇಶ್ವರ ದೇವಾಲಯ ಎಲ್ಲವೂ ಮರಗಳ ನಡುವೆ ಮೌನವಾಗಿ ನಿಂತಿವೆ.

ಅಲ್ಲಿಯ ವೀರಗಲ್ಲುಗಳ ಮುಂದೆ ಮಕ್ಕಳನ್ನು ಕೂರಿಸಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಅಕ್ಷರ ಬಾರದವನೂ ಓದಬಲ್ಲ ಫಲಕ ಅದು! ನಮ್ಮ ನಾಡಿನಲ್ಲಿ ತುರುಗಳನ್ನು ಕಾಯುತ್ತ ಸತ್ತವರಿಗೆ ಕಲ್ಲು ನಿಲ್ಲಿಸಿದ್ದಾರೆ, ಹುಲಿಯೊಡನೆ ಹೋರಾಡಿ ಸತ್ತವರಿಗೂ ನಿಲ್ಲಿಸಿದ್ದಾರೆ. ಮಂಡ್ಯ ಸೀಮೆಯ ಆತಕೂರಿನ ಕಲ್ಲಿನ ಕಥೆಯನ್ನೂ ಅಂದು ಹೇಳಿದೆ. ಗಂಗರ ಬೂತುಗ ತನ್ನ ವೀರನಾದ ಮಣಲೆರನಿಗೆ ಮೆಚ್ಚಿ ಕೊಟ್ಟದ್ದು 'ಕಾಳಿ' ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಹತ್ತನೆಯ ಶತಮಾನದ ನಡುವಿನಲ್ಲಿ ಆ ನಾಯಿಗಾಗಿ ಕಲ್ಲು ನಿಂತಿತು. ಅದರಲ್ಲಿ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎದುರಾಳಿಯಾದ ಹಂದಿಯನ್ನು ಶಿಲ್ಪಿ ಕುಗ್ಗಿಸಿ ತೋರಿಸಿಲ್ಲ. ನಾಯಿಯಷ್ಟೇ ಗೌರವದಿಂದ ಕೆತ್ತಿದ್ದಾನೆ.

ನನಗೆ ಹೊಳೆದದ್ದು ಇದು. ಪ್ರಾಣಿಯ ಗರ್ಭಾವಧಿ ಎಷ್ಟು ದಿನವೆಂದು ಆ ಕಲ್ಲು ಹೇಳುವುದಿಲ್ಲ. ಪ್ರಾಣಿಗೂ ಈ ಊರಿನ ಮನುಷ್ಯನಿಗೂ ನಡುವೆ ಏನು ನಡೆಯಿತು, ಯಾರು ಏನನ್ನು ಕಳೆದುಕೊಂಡರು ಎಂದು ಹೇಳುತ್ತದೆ. ಆದ್ದರಿಂದಲೇ ಸಾವಿರ ವರ್ಷದ ಮೇಲೂ ನಾವು ಅದರ ಮುಂದೆ ನಿಲ್ಲುತ್ತೇವೆ.

ಆ ವರ್ಷದ ಶಾಲಾ ವಸ್ತುಪ್ರದರ್ಶನಕ್ಕೆ ಮಕ್ಕಳು 'ನಮ್ಮ ಸೀಮೆಯ ಕಾಡುಪ್ರಾಣಿಗಳು' ಎಂಬ ವಿಭಾಗ ಮಾಡಿದರು. ನಿಯಮಗಳನ್ನು ಅವರೇ ಮಾಡಿಕೊಂಡರು. ಪ್ರತಿ ಫಲಕವೂ ಹೆಸರಿನಿಂದಲ್ಲ, ಪ್ರಶ್ನೆಯಿಂದ ಆರಂಭವಾಗಬೇಕು. ಐದನೆಯ ತರಗತಿಯ ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕು. ಒಂದೇ ಉಸಿರಿಗೆ ಓದಿ ಮುಗಿಯಬೇಕು. ಉತ್ತರ ರಟ್ಟಿನ ಮುಚ್ಚಳದ ಕೆಳಗಿರಬೇಕು, ಎತ್ತಿ ನೋಡುವ ಮುನ್ನ ತಾನೇ ಊಹಿಸಬೇಕು. ಕೆರೆ ದಂಡೆಯ ಕೆಸರಿನಲ್ಲಿ ಸಿಕ್ಕಿದ ಹೆಜ್ಜೆಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು ಅಚ್ಚು ತೆಗೆದರು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ, ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಮೂಡುವುದಿಲ್ಲ ಎಂಬುದನ್ನು ಮುಟ್ಟಿ ನೋಡಿ ತಿಳಿಯುವಂತೆ ಇಟ್ಟರು.

ಕಲ್ಲೆಸೆದ ಹುಡುಗ ಈ ಯಾವ ಕೆಲಸಕ್ಕೂ ಮುಂದೆ ಬರಲಿಲ್ಲ. ನನ್ನನ್ನು ಕಂಡರೆ ಬೇರೆ ಕಡೆಗೆ ಸರಿದುಬಿಡುತ್ತಿದ್ದ. ಆದರೆ ಪ್ರದರ್ಶನದ ಹಿಂದಿನ ದಿನ ನನ್ನ ಮೇಜಿನ ಮೇಲೆ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆ ಇತ್ತು. ಹೆಸರಿರಲಿಲ್ಲ, ಅಕ್ಷರ ನನಗೆ ಗೊತ್ತಿತ್ತು. "ಚಿರತೆ ಕಾಡು ಬಿಟ್ಟು ನಮ್ಮ ಕೊಟ್ಟಿಗೆಗೆ ಏಕೆ ಬಂತು?" ಎಂದಷ್ಟೇ ಬರೆದಿದ್ದ.

ಆ ಪ್ರಶ್ನೆಯನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ ಮೊದಲ ಫಲಕವಾಗಿ ಹಾಕಿದೆವು. ಅದರ ಮುಂದೆ ನೆರೆದಷ್ಟು ಜನ ಬೇರೆಲ್ಲಿಯೂ ನೆರೆಯಲಿಲ್ಲ. ಕಾಡು ಕಡಿದು ಹೊಲವಾದದ್ದು, ಜಿಂಕೆ ಹಂದಿಗಳು ಈಡಿಗೆ ಬಲಿಯಾದದ್ದು, ಊರನಾಯಿ ಕರುಗಳು ಸುಲಭದ ತುತ್ತಾದದ್ದು, ಕೊಟ್ಟಿಗೆಗೆ ಬಾಗಿಲಿಲ್ಲದ್ದು, ಹೀಗೆ ಹಿರಿಯರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಮಾಳ ಕಾಯ್ದು ಮುದುಕರಾದವರು ಅಂದು ನಮ್ಮ ಮಕ್ಕಳಿಗೆ ಮೇಷ್ಟ್ರಾದರು. ಕರು ಕಳೆದುಕೊಂಡವರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದೆಂಬುದು ಹಲವರಿಗೆ ಗೊತ್ತಾದದ್ದೂ ಅಲ್ಲಿಯೇ.

ವಿದ್ವಾಂಸರು ಏನೆನ್ನುತ್ತಾರೆ?

ಮೃಗಾಲಯ ನೋಡುವುದರಿಂದ ನಿಜವಾಗಿಯೂ ಜನ ಕಲಿಯುತ್ತಾರೆಯೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ. 2007ರಲ್ಲಿ ಅಮೆರಿಕದ ಮೃಗಾಲಯಗಳ ಸಂಘ ಒಂದು ಅಧ್ಯಯನ ಪ್ರಕಟಿಸಿ, ಹೌದು, ನೋಡುಗರ ಮನೋಭಾವ ಸುಧಾರಿಸುತ್ತದೆ ಎಂದಿತು. 2010ರಲ್ಲಿ ಲೋರಿ ಮರೀನೋ ಮುಂತಾದ ವಿಜ್ಞಾನಿಗಳು ಆ ಅಧ್ಯಯನದ ವಿಧಾನವೇ ದೋಷಪೂರ್ಣವೆಂದು ಬರೆದರು. 2014ರಲ್ಲಿ ಎರಿಕ್ ಜೆನ್ಸೆನ್ ಎಂಬುವರು ಲಂಡನ್ ಮೃಗಾಲಯಕ್ಕೆ ಬಂದ ಶಾಲಾಮಕ್ಕಳಿಂದ ಭೇಟಿಗೆ ಮೊದಲು ಮತ್ತು ನಂತರ ಚಿತ್ರ ಬರೆಸಿ ಹೋಲಿಸಿದರು. ಮೃಗಾಲಯದ ಶಿಕ್ಷಕರು ಜೊತೆಗಿದ್ದು ವಿವರಿಸಿದ ಮಕ್ಕಳಲ್ಲಿ ಶೇಕಡಾ 41ರಷ್ಟು ಮಂದಿಯ ತಿಳಿವಳಿಕೆ ಹೆಚ್ಚಿತ್ತು. ಅಂಥ ವಿವರಣೆಯಿಲ್ಲದೆ ನೋಡಿದವರಲ್ಲಿ ಶೇಕಡಾ 34. ಅಂತರ ದೊಡ್ಡದಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಎರಡೂ ಸಂದರ್ಭದಲ್ಲಿ ಹೆಚ್ಚಳ ಕಾಣಲಿಲ್ಲ ಎಂಬುದನ್ನು ನಾವು ಮರೆಯಬಾರದು. ಆದರೂ ಪಕ್ಕದಲ್ಲಿ ನಿಂತು ಮಾತನಾಡುವ ಒಬ್ಬ ಮನುಷ್ಯನಿಗೆ ಬೆಲೆಯಿದೆ ಎಂಬುದು ಅದರಿಂದ ತಿಳಿಯುತ್ತದೆ.

ಅಮೆರಿಕದ ಫ್ರೀಮನ್ ಟಿಲ್ಡನ್ ರಾಷ್ಟ್ರೀಯ ಉದ್ಯಾನಗಳಿಗಾಗಿ 1957ರಲ್ಲಿ ಬರೆದ ಪುಸ್ತಕದಲ್ಲಿಯೂ ಇದೇ ತತ್ತ್ವವಿದೆ. ನೋಡುಗನ ಸ್ವಂತ ಬದುಕಿಗೆ ತಾಗದ ವಿವರಣೆ ಬಂಜರು, ಮಾಹಿತಿ ತುಂಬುವುದಕ್ಕಿಂತ ಕುತೂಹಲ ಕೆರಳಿಸುವುದು ಮುಖ್ಯ ಎಂಬುದು ಅವರ ಆಶಯ. ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದದ್ದೂ ಬಹುಶಃ ಇದನ್ನೇ. ಕಣ್ಣಿಗೆ ಕಂಡ ಮಾತ್ರಕ್ಕೆ ಕಲಿತಂತಾಗುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಅಧ್ಯಾಪಕರಾಗಿರುವವರಿಗೆ, ತಂದೆತಾಯಿಯರಾಗಿರುವವರಿಗೆ ಒಂದು ಮಾತು. ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ದಾಗ ಎಲ್ಲ ಪ್ರಾಣಿಗಳನ್ನೂ ತೋರಿಸುವ ಅವಸರ ಬೇಡ. ಮೂರು ಪ್ರಾಣಿ ಸಾಕು. ಹೊರಡುವ ಮುನ್ನವೇ ಒಂದು ಪ್ರಶ್ನೆಯನ್ನು ಮಗು ತಾನೇ ಬರೆದುಕೊಳ್ಳಲಿ. ಬೋನಿನ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಗು ಏನಾದರೂ ತಪ್ಪು ಮಾಡಿದರೆ, ದಯವಿಟ್ಟು, ಕೈ ಎತ್ತುವ ಮೊದಲು ಏಕೆಂದು ಕೇಳಿ.

ಕೊನೆಯ ಮಾತು ಆ ಹುಡುಗನಿಗೆ. ಹತ್ತನೆಯ ತರಗತಿ ಮುಗಿದ ಮೇಲೆ ನೀನು ನನಗೆ ಸಿಗಲಿಲ್ಲ. ಈಗ ನಿನಗೆ ನಲವತ್ತು ದಾಟಿರಬೇಕು. ನಿನ್ನ ಹಾಳೆಯ ಪ್ರಶ್ನೆಯನ್ನು ನಾನು ಹೊಗಳಿದ್ದು ಫಲಕದ ಮುಂದೆ, ಊರವರ ಎದುರು. ಹೊಡೆದದ್ದಕ್ಕೆ ತಪ್ಪಾಯಿತೆಂದು ನಿನ್ನೆದುರು ಹೇಳುವ ಧೈರ್ಯ ಆಗ ಬರಲಿಲ್ಲ, ಮೇಷ್ಟ್ರೆಂಬ ಬಿಗುಮಾನ ಅಡ್ಡ ಬಂತು. ಈಗ ಹೇಳುತ್ತಿದ್ದೇನೆ. ತಪ್ಪು ನನ್ನದು. ಇದು ನಿನ್ನ ಕಣ್ಣಿಗೆ ಬಿದ್ದರೆ, ಅಥವಾ ನಿನ್ನ ಸಹಪಾಠಿಗಳು ಯಾರಾದರೂ ಓದಿ ನಿನಗೆ ತಿಳಿಸಿದರೆ, ಒಮ್ಮೆ ಮನೆಗೆ ಬಾ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಬಾ. ಎಲ್ಲರೂ ಕೂಡಿ ಬಂದಳಿಕೆಗೆ ಹೋಗೋಣ. ವೀರಗಲ್ಲನ್ನು ಎಲ್ಲಿಂದ ಓದಲು ಆರಂಭಿಸಬೇಕೆಂದು ಈ ಬಾರಿ ನೀನೇ ಅವರಿಗೆ ಹೇಳಿಕೊಡು. ನಾನು ಪಕ್ಕದಲ್ಲಿ ಕುಳಿತು ಕೇಳುತ್ತೇನೆ.